ಬೀಗದಪ್ಪನ ಉಗ್ರಾಣ

ಶಾಲೆಯ ಗುಮಾಸ್ತನ ಬಲಗೈ ಹೆಣದ ಹೊದಿಕೆಯ ಅಡಿಗೆ ಜಾರಿದ್ದನ್ನು ಮಗಳು ನೋಡಿಬಿಟ್ಟಳು. ಎಡಗೈಯಲ್ಲಿ ಹೂವು ಹಿಡಿದು, ತಲೆ ಬಗ್ಗಿಸಿ, ತುಟಿಯಲ್ಲೇ ಏನೋ ಗೊಣಗುತ್ತ, ನೋಡಿದವರು ಪಾಪ ಎಂಥ ದುಃಖ ಎನ್ನಬೇಕು, ಹಾಗೆ ನಿಂತಿದ್ದ. ಬಲಗೈ ಮಾತ್ರ ಹೆಣದ ಸೊಂಟದ ಹತ್ತಿರ ತಡಕಾಡುತ್ತಿತ್ತು.

"ಏನು ಹುಡುಕ್ತಿದ್ದೀರಿ?" ಎಂದಳು, ಪಕ್ಕಕ್ಕೆ ಬಂದು ನಿಂತು.

ಬೆಂಕಿ ಮುಟ್ಟಿದವನ ಹಾಗೆ ಆತ ಕೈ ಎಳೆದುಕೊಂಡ. "ಇಲ್ಲಮ್ಮ, ಹೊದಿಕೆ ಜಾರಿತ್ತು. ಸರಿ ಮಾಡ್ತಿದ್ದೆ."

"ಒಳಗಡೆಯಿಂದ ಸರಿ ಮಾಡ್ತಾರಾ?"

ಗುಮಾಸ್ತ ಹೂವನ್ನು ಹೆಣದ ಕಾಲಿನ ಹತ್ತಿರ ಹಾಕಿ, ಕಣ್ಣಲ್ಲಿಲ್ಲದ ನೀರನ್ನು ಒರೆಸಿಕೊಳ್ಳುತ್ತ ಹೊರಗೆ ಹೋದ. ಬೆಳಗಿನಿಂದ ಅವನು ಹೀಗೆ ಒಳಗೆ ಬಂದು ಹೋಗಿದ್ದು ಇದು ಮೂರನೇ ಸಲ. ಒಂದು ಸಾವಿಗೆ ಒಬ್ಬ ಮನುಷ್ಯನಿಗೆ ಇಷ್ಟು ದುಃಖ ಬರಲು ಸಾಧ್ಯವಿಲ್ಲ ಎಂದು ಎರಡನೇ ಸಲಕ್ಕೇ ಅವಳಿಗೆ ಅನ್ನಿಸಿತ್ತು.

ಅವನು ಹುಡುಕುತ್ತಿದ್ದುದು ಕೀಲಿಕೈ ಗೊಂಚಲನ್ನು. ಅದು ಅಪ್ಪನ ಸೊಂಟದಲ್ಲಿ ಇರಲಿಲ್ಲ. ಬೆಳಗ್ಗೆ ಮೈ ತೊಳೆಸುವಾಗಲೇ ಅವಳು ಬಿಚ್ಚಿಕೊಂಡು ತನ್ನ ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಬಟ್ಟೆಯೊಳಗೆ ತಣ್ಣಗೆ ಚರ್ಮಕ್ಕೆ ಒತ್ತುತ್ತಿತ್ತು.

ಅಪ್ಪ ತಾಂತ್ರಿಕ ಶಾಲೆಯ ಉಗ್ರಾಣ ನೋಡಿಕೊಳ್ಳುತ್ತಿದ್ದವನು. ಮೀಸೆ ಚಿಗುರುವ ಕಾಲಕ್ಕೆ ಸೇರಿ, ತಲೆ ನರೆಯುವವರೆಗೂ ಅದೇ ಬಾಗಿಲ ಮುಂದೆ ಅದೇ ಸ್ಟೂಲಿನ ಮೇಲೆ ಕೂತವನು. ದೂರದ ಶ್ರೀಮಂತ ದೇಶಗಳು ಈ ಬಡ ದೇಶದ ಹುಡುಗರು ಕಲಿತು ಮುಂದೆ ಬರಲಿ ಎಂದು ಉಡುಗೊರೆಯಾಗಿ ಕಳಿಸಿದ ಯಂತ್ರ, ಉಪಕರಣ ಎಲ್ಲ ಆ ಬಾಗಿಲ ಹಿಂದೆ. ಬಾಗಿಲಿಗೆ ಮೂರು ಬೀಗ. ಹುಡುಗರು ಅವನಿಗೆ ಬೀಗದಪ್ಪ ಎಂದು ಹೆಸರಿಟ್ಟಿದ್ದರು, ಆ ಹೆಸರು ಊರಿಗೇ ಹಬ್ಬಿತ್ತು. ನಿನ್ನೆ ಸಂಜೆ ಮೂರೂ ಬೀಗ ಹಾಕಿ, ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ, ಅನುಮಾನ ಬಂದು ತಿರುಗಿ ಬಂದು, ಮತ್ತೊಮ್ಮೆ ಎಳೆದು ನೋಡುವಾಗ ಅಲ್ಲೇ ಕುಸಿದ. ಸಾವಿಗೂ ಗೊತ್ತಿತ್ತು, ಈ ಮನುಷ್ಯ ಎಲ್ಲಿ ಸಿಗುತ್ತಾನೆ ಎಂದು.

ಮಗಳದು ಪೇಟೆ ಬೀದಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಅನುಮಾನವೇ ಅವಳ ಕಸುಬು. ಗಿರಾಕಿ "ನೀರಿಗೆ ಬಿದ್ದೇ ಇಲ್ಲ" ಎಂದು ಆಣೆ ಹಾಕಿದರೆ ಬಿದ್ದಿದೆ ಎಂದೇ ಲೆಕ್ಕ. "ನಾನು ಬಿಚ್ಚಿಲ್ಲ" ಎಂದರೆ ಒಳಗಿನ ಅರ್ಧ ಸ್ಕ್ರೂ ಇಲ್ಲವೆಂದು ಅರ್ಥ. ಬಿಚ್ಚಿ ನೋಡದೆ ಅವಳು ಯಾವುದನ್ನೂ ನಂಬಿದವಳಲ್ಲ, ಯಾರನ್ನೂ ನಂಬಿದವಳಲ್ಲ.

ಅಡಿಗೆಮನೆಯಲ್ಲಿ ನೀರು ಕುಡಿಯಲು ಹೋದರೆ ಅಲ್ಲಿ ಪಕ್ಕದ ಮನೆಯವಳು ಇನ್ನೊಬ್ಬಳ ಕಿವಿಯಲ್ಲಿ, "ಅಷ್ಟು ಕಾಲ ಸ್ಟೋರಲ್ಲಿ ಇದ್ದೋನು, ಮನೆಗೆ ಒಂದು ಮೊಳೆನೂ ತಂದಿಲ್ಲ ಅಂದ್ರೆ ಯಾರು ನಂಬ್ತಾರೆ?" ಎನ್ನುತ್ತಿದ್ದಳು. ಇವಳನ್ನು ಕಂಡು ನಾಲಿಗೆ ಕಚ್ಚಿಕೊಂಡು, "ಬಿಸಿನೀರು ಕೊಡ್ಲಾ ತಾಯಿ?" ಎಂದಳು.

ಅಷ್ಟರಲ್ಲಿ ಮಾವ ಬಂದು, "ಪುಟ್ಟಿ, ಪ್ರಿನ್ಸಿಪಾಲರು ಕರೀತಿದ್ದಾರೆ, ಸ್ವಲ್ಪ ಬಾ" ಎಂದ. ಮಾವ ಎಂದರೆ ಅಮ್ಮನ ತಮ್ಮ. ದೊಡ್ಡವರು ಯಾರು ಏನು ಹೇಳಿದರೂ ತಲೆಯಾಡಿಸುವ ಸಾಧು ಪ್ರಾಣಿ.

ಪ್ರಿನ್ಸಿಪಾಲರು ಗೇಟಿನ ಹತ್ತಿರ ನೆರಳಿನಲ್ಲಿ ನಿಂತಿದ್ದರು. ಹಿಂದೆ ಗುಮಾಸ್ತ.

"ನೋಡಮ್ಮ, ಈ ಹೊತ್ತಲ್ಲಿ ಇದನ್ನ ಹೇಳಬಾರ್ದು. ಆದ್ರೆ ಸರ್ಕಾರಿ ಸ್ವತ್ತು. ಸ್ಟೋರಿನ ಕೀಲಿಕೈ ಇವತ್ತೇ ಕೊಟ್ಬಿಡಿ. ನಾಳೆ ನಾಡಿದ್ದರಲ್ಲಿ ನಾವೇ ಸಾವಕಾಶವಾಗಿ ತೆಗೆದು ನೋಡ್ಕೊಳ್ತೀವಿ."

"ನಾವೇ ಅಂದ್ರೆ?"

"ನಾನು, ಇವರು."

"ಏನಾದ್ರೂ ಕಮ್ಮಿ ಬಂದ್ರೆ?"

ಪ್ರಿನ್ಸಿಪಾಲರು ಆಕಾಶ ನೋಡಿದರು. "ಸತ್ತವರ ಮೇಲೆ ಯಾರಮ್ಮ ಕೇಸು ಹಾಕ್ತಾರೆ? ಅದನ್ನೆಲ್ಲ ಹಾಗೇ ಮುಚ್ಚಿಹಾಕೋಣ. ನೀವು ಚಿಂತೆ ಮಾಡ್ಬೇಡಿ."

ಬಾಗಿಲು ಇನ್ನೂ ತೆರೆದಿಲ್ಲ, ಆಗಲೇ ಮುಚ್ಚಿಹಾಕುವ ಮಾತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದುಕೊಂಡಳು. ಹೇಗಿದ್ದರೂ ಕೀಲಿ ಕೈಗೆ ಬರುತ್ತದೆ, ಬೇಕಾದ್ದನ್ನು ಇವರೇ ಸಾಗಿಸಿ, ಆಮೇಲೆ ಬೆರಳು ತೋರಿಸಲು ಮಣ್ಣಿನಡಿ ಒಬ್ಬ ಸಿಕ್ಕಿದ್ದಾನೆ. ಮಣ್ಣಿನಡಿಯವನು ಎದ್ದು ಬಂದು ಇಲ್ಲ ಎನ್ನುತ್ತಾನೆಯೇ?

"ನೀವು ಯಾವತ್ತಾದ್ರೂ ಒಳಗೆ ಹೋಗಿದ್ರಾ ಸಾರ್?"

"ನಿಮ್ಮ ತಂದೆ ಬಿಟ್ರೆ ತಾನೇ! ಏನು ಬೇಕು ಹೇಳಿ, ತಂದುಕೊಡ್ತೀನಿ ಅನ್ನೋರು. ತಂದುಕೊಟ್ಟಿದ್ದನ್ನ ನಾನಂತೂ ಕಾಣೆ." ಇಷ್ಟು ಹೇಳಿ ಅವರು ಗುಮಾಸ್ತನ ಮುಖ ನೋಡಿದರು, ಗುಮಾಸ್ತ ಇವರ ಮುಖ ನೋಡಿದ. ಆ ನೋಟದಲ್ಲಿ ಇದ್ದದ್ದು ಕಳ್ಳತನವಲ್ಲ, ಅನುಮಾನ. ಅದೇ ಅವಳ ಎದೆಗೆ ಚುಚ್ಚಿತು. ಏಕೆಂದರೆ ಆ ಅನುಮಾನ ಅವಳಿಗೂ ಇತ್ತು.

ಅಪ್ಪ ರಜೆಯ ದಿನವೂ ಉಗ್ರಾಣಕ್ಕೆ ಹೋಗುತ್ತಿದ್ದ. ಒಳಗೆ ಹೋಗಿ ಅಗುಳಿ ಹಾಕಿಕೊಂಡು, ಹೊತ್ತು ಮುಳುಗುವಾಗ ಹೊರಗೆ ಬರುತ್ತಿದ್ದ. ಏನು ಮಾಡುತ್ತಿದ್ದ? ಕೇಳಿದರೆ "ಕೆಲಸ" ಎನ್ನುತ್ತಿದ್ದ. ಯಾರೂ ನೋಡದ ಕೋಣೆ ತುಂಬಿದ್ದರೂ ಒಂದೇ, ಖಾಲಿಯಾಗಿದ್ದರೂ ಒಂದೇ. ಖಾಲಿಯಾಗಿದ್ದರೆ?

*

ಅವಳು ಆಗ ಲಂಗ ಹಾಕುವ ಹುಡುಗಿ. ಮಧ್ಯಾಹ್ನದ ಊಟದ ಡಬ್ಬಿ ಶಾಲೆಗೆ ಒಯ್ಯುವುದು ಅವಳ ಕೆಲಸ. ಆ ದಿನ ಗೇಟು ದಾಟಿದರೆ ಅಂಗಳದ ತುಂಬ ಜನ. ಹುಡುಗರು ಸಾಲಾಗಿ ನಿಂತಿದ್ದಾರೆ, ಮೇಷ್ಟರುಗಳು ವರಾಂಡದಲ್ಲಿ. ನಡುವೆ, ಬಿಸಿಲಿನಲ್ಲಿ, ಎರಡೂ ಜೇಬು ಹೊರಗೆ ಎಳೆದು ಇಳಿಬಿಟ್ಟುಕೊಂಡು ಅಪ್ಪ.

ಹಡಗಿನಲ್ಲಿ ಬಂದ ಹೊಸ ಪೆಟ್ಟಿಗೆಗಳಲ್ಲಿ ಅಳತೆಯ ಒಂದು ನಾಜೂಕು ಉಪಕರಣ ಕಡಿಮೆ ಬಂದಿತ್ತು. ಆಗಿನ ಪ್ರಿನ್ಸಿಪಾಲ ದೊಡ್ಡ ಗಂಟಲಿನವನು. "ಪೆಟ್ಟಿಗೆ ಬಿಚ್ಚಿದ್ದು ನೀನು. ರೆಕ್ಕೆ ಬಂದು ಹಾರಿಹೋಯ್ತಾ?" ಎಂದು ಕೂಗುತ್ತಿದ್ದವನಿಗೆ ಇವಳು ಕಣ್ಣಿಗೆ ಬಿದ್ದಳು. "ಓಹೋ, ಡಬ್ಬಿ ಬಂತು. ದಿನಾ ತುಂಬಿ ಬರುತ್ತೆ, ಖಾಲಿ ಹೋಗುತ್ತೋ ಇಲ್ವೋ ಯಾರಿಗೆ ಗೊತ್ತು? ತೆಗೀರಿ ಅದನ್ನ."

ಯಾರೋ ಡಬ್ಬಿ ಕಿತ್ತುಕೊಂಡು ಮುಚ್ಚಳ ತೆಗೆದರು. ಅಮ್ಮ ಮಾಡಿದ ಊಟದಲ್ಲಿ ಬೆರಳಿಟ್ಟು ಕೆದಕಿ ನೋಡಿದರು. ಹುಡುಗರ ಸಾಲಿನಲ್ಲಿ ನಗು ಹರಿಯಿತು. "ಕಳ್ಳನ ಮಗಳು" ಎಂದ ಒಬ್ಬ, ಮೆತ್ತಗೆ, ಆದರೆ ಅವಳಿಗೆ ಕೇಳುವ ಹಾಗೆ. ಅಪ್ಪ ಅವಳ ಕಡೆ ನೋಡಲಿಲ್ಲ. ಹೊರಗೆ ಇಳಿದ ಜೇಬುಗಳನ್ನು ಒಳಗೆ ಹಾಕಿಕೊಳ್ಳಬೇಕೋ ಬೇಡವೋ ತಿಳಿಯದೆ ನಿಂತಿದ್ದ.

ಎಷ್ಟೋ ತಿಂಗಳ ಮೇಲೆ ಗೊತ್ತಾಯಿತು, ಆ ಉಪಕರಣ ಹಡಗನ್ನೇ ಹತ್ತಿರಲಿಲ್ಲವಂತೆ. ಕಳಿಸಿದವರ ಗೋದಾಮಿನಲ್ಲೇ ಉಳಿದಿತ್ತಂತೆ. "ಸರಿ ಬಿಡು, ಆಗಿದ್ದಾಯ್ತು" ಎಂದ ಪ್ರಿನ್ಸಿಪಾಲ. ಕ್ಷಮೆ ಎಂದರೆ ಅಷ್ಟೇ. ಅಪ್ಪ ಬಾಗಿಲಿಗೆ ಇನ್ನೆರಡು ಬೀಗ ತಂದು ಹಾಕಿದ್ದು ಆಮೇಲೆ.

*

"ಅಮ್ಮ, ಅಪ್ಪನನ್ನ ಸ್ಕೂಲಿನ ಮೇಲೆ ಕರ್ಕೊಂಡು ಹೋಗೋಣ" ಎಂದಳು ಮಗಳು. ಅಮ್ಮ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಬೆಳಗಿನಿಂದ ಒಂದು ಹನಿ ಕಣ್ಣೀರು ಬಂದಿರಲಿಲ್ಲ.

"ಯಾಕೆ?"

"ಎಲ್ಲರ ಎದುರಿಗೆ ಬಾಗಿಲು ತೆಗೀಬೇಕು. ಏನಿದೆ, ಏನಿಲ್ಲ, ಅಪ್ಪ ಇರುವಾಗ್ಲೇ ಗೊತ್ತಾಗಿಬಿಡ್ಲಿ. ಮಣ್ಣಾದ ಮೇಲೆ ಅವರು ಹೇಳಿದ್ದೇ ಮಾತು, ನಾವು ಕೇಳಿದ್ದೇ ಸತ್ಯ."

"ಬೇಡ ಕಣೇ. ಮೊದಲು ಮಣ್ಣಾಗ್ಲಿ. ಆಮೇಲೆ ಏನಾದ್ರೂ ಆಗ್ಲಿ."

"ನಿನಗೂ ಅನುಮಾನಾನಾ ಅಮ್ಮ?"

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಇಷ್ಟು ವರ್ಷ ಸಂಸಾರ ಮಾಡಿದೆ. ಆ ಬಾಗಿಲ ಹಿಂದೆ ಏನಿದೆ ಅಂತ ಅವರು ಒಂದು ದಿನಾನೂ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಕೇಳಿದ್ರೆ ಸುಳ್ಳು ಹೇಳಿಬಿಟ್ರೆ ಏನು ಮಾಡ್ಲಿ ಅಂತ ಭಯ."

ಹೊರಗೆ ಚಟ್ಟ ಸಿದ್ಧವಾಗಿತ್ತು. ಅಪ್ಪನನ್ನು ಅದರ ಮೇಲೆ ಮಲಗಿಸಿ, ಇಬ್ಬದಿಗೂ ಇಳಿಯುವಂತೆ ಬಿಳಿ ಬಟ್ಟೆ ಹೊದಿಸಿದ್ದರು. ಬಂದಿದ್ದವರಲ್ಲಿ ಬಹಳ ಮಂದಿ ಅದೇ ಶಾಲೆಯಲ್ಲಿ ಕಲಿತು ಹೋದವರು. ಒಬ್ಬನದು ಸ್ವಂತ ವರ್ಕ್‌ಶಾಪು, ಒಬ್ಬ ಬಸ್ ಕಂಡಕ್ಟರು, ಒಬ್ಬ ಕಿರಾಣಿ ಅಂಗಡಿಯವನು. ಕಲಿತಿದ್ದು ಒಂದು, ಹೊಟ್ಟೆ ಹೊರೆದದ್ದು ಇನ್ನೊಂದು.

ಮಗಳು ಎಲ್ಲರಿಗೂ ಕೇಳುವ ಹಾಗೆ ವಿಷಯ ಹೇಳಿದಳು. ಪ್ರಿನ್ಸಿಪಾಲರ ಮುಖ ಕಪ್ಪಿಟ್ಟಿತು. "ಹೆಣ ತಗೊಂಡು ಸ್ಕೂಲಿಗಾ? ಎಲ್ಲಾದ್ರೂ ಉಂಟಾ ಅಮ್ಮ? ಮಾನ ಮರ್ಯಾದೆ ಪ್ರಶ್ನೆ."

"ಯಾರ ಮಾನ ಸಾರ್?"

ಮಾವ ಅವರಿಗೂ ತಲೆಯಾಡಿಸಿದ, ಇವಳಿಗೂ ತಲೆಯಾಡಿಸಿದ. ಆಗ ಗೇಟಿನ ಕಂಬಕ್ಕೆ ಒರಗಿದ್ದ ಒಬ್ಬ, "ಹೋಗೋಣ" ಎಂದ. "ಒಳಗೆ ಏನಿದೆ, ನಾನೂ ನೋಡ್ಬೇಕು."

ಅವನನ್ನು ಊರೆಲ್ಲ ಮೂರ್ಬೆರಳ ಮೇಸ್ತ್ರಿ ಎನ್ನುತ್ತಿತ್ತು. ಕಿಟಕಿ ಗ್ರಿಲ್ ಮಾಡುವ ಶೆಡ್ಡಿನಲ್ಲಿ ಆಳುಗಳನ್ನು ನೋಡಿಕೊಳ್ಳುವವನು. ಬಲಗೈಯಲ್ಲಿ ಹೆಬ್ಬೆರಳು, ಉಂಗುರದ ಬೆರಳು, ಕಿರುಬೆರಳು ಮಾತ್ರ. ಬೆಳಗಿನಿಂದ ಅದೇ ಕಂಬಕ್ಕೆ ಒರಗಿ, ಆ ಕೈಯನ್ನು ಜೇಬಿನಲ್ಲಿಟ್ಟು ನಿಂತಿದ್ದ. ಹೂವು ತಂದಿರಲಿಲ್ಲ, ಒಳಗೆ ಬಂದು ಮುಖ ನೋಡಿರಲಿಲ್ಲ. ಇವನು ಅಳಲು ಬಂದವನಲ್ಲ, ಏನೋ ಬೀಳುವುದನ್ನು ನೋಡಲು ಬಂದವನು ಎಂದು ಅವಳಿಗೆ ಅನ್ನಿಸಿತ್ತು. ಈಗ ಅವನೇ ತನ್ನ ಪರ ಮಾತಾಡಿದ್ದು ಕೇಳಿ ಅವನ ಮೇಲಿನ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಬಾಗಿಲು ತೆಗೆದು ಒಳಗೆ ಖಾಲಿ ಗೋಡೆ ಕಂಡರೆ ಮೊದಲು ನಗುವವನು ಇವನೇ.

ಆದರೆ ಆಡಿದ ಮಾತು ಆಡಿಯಾಗಿತ್ತು. ಚಟ್ಟ ಎದ್ದಿತು. ಸ್ಮಶಾನದ ದಾರಿ ಬಿಟ್ಟು ಶಾಲೆಯ ಕಡೆ ತಿರುಗಿತು.

*

ಮೂರ್ಬೆರಳಿಗೆ ಐದೂ ಬೆರಳಿದ್ದ ಕಾಲವನ್ನು ಅವಳು ನೋಡಿದ್ದಳು.

ಜೇಬು ತಿರುವಿ ಹಾಕಿದ ಆ ದಿನದ ಮೇಲೆ ಅಪ್ಪ ಒಬ್ಬ ಬಡಗಿಯನ್ನು ಕರೆಸಿ ಎಲ್ಲ ಉಪಕರಣಗಳ ಮರದ ಪ್ರತಿ ಮಾಡಿಸಿದ. ಮರದ ಸ್ಪ್ಯಾನರು, ಮರದ ಅಳತೆ ಪಟ್ಟಿ, ಕೊನೆಗೆ ಕಬ್ಬಿಣ ಕಡೆಯುವ ಲೇತು ಯಂತ್ರವೂ ಮರದ್ದೇ. ಕೈಯಲ್ಲಿ ಚಕ್ರ ತಿರುಗಿಸಿದರೆ ಕಿರ್‌ ಎಂದು ತಿರುಗುವಂಥದ್ದು. ಹುಡುಗರು ಅದರ ಮೇಲೆ ಕಲಿಯುವುದು. ಕಬ್ಬಿಣದ್ದು ಒಳಗೆ ಸುಖವಾಗಿರುವುದು. ಮೇಷ್ಟರುಗಳೂ ಬೇಡ ಎನ್ನಲಿಲ್ಲ. ನಿಜವಾದದ್ದು ಮುರಿದರೆ ಅದರ ಬಿಡಿಭಾಗ ಸಮುದ್ರ ದಾಟಿ ಬರಬೇಕು, ಬರುವಷ್ಟರಲ್ಲಿ ಯಾರು ಮುರಿದರು ಎಂಬ ವಿಚಾರಣೆ ಬಂದಿರುತ್ತದೆ. ಮರ ಮುರಿದರೆ ಒಲೆಗಾಯಿತು. ಮೊದಮೊದಲು ಎಲ್ಲರಿಗೂ ನಗು ಬಂತು, ಆಮೇಲೆ ಅಭ್ಯಾಸವಾಯಿತು, ಕೊನೆಗೆ ಅದೇ ಪಾಠಕ್ರಮ ಎನ್ನುವಂತಾಯಿತು.

ವರ್ಷಕ್ಕೊಮ್ಮೆ ಉಡುಗೊರೆ ಕೊಟ್ಟವರು ತಪಾಸಣೆಗೆ ಬರುತ್ತಿದ್ದರು. ಅವತ್ತು ಮರದ್ದೆಲ್ಲ ಹಿತ್ತಲಿಗೆ ಹೋಗಿ, ಕಬ್ಬಿಣದ್ದು ಹೊರಗೆ ಬರುವುದು. ಒಗೆದ ಬಟ್ಟೆ ತೊಟ್ಟ ಹುಡುಗರನ್ನು ಒಂದೊಂದು ಯಂತ್ರದ ಪಕ್ಕ ನಿಲ್ಲಿಸಿ ಅಪ್ಪ ಹೇಳುತ್ತಿದ್ದ, "ಕೈ ಹಿಂದಕ್ಕೆ ಕಟ್ಕೊಳ್ಳಿ. ನಗ್ತಾ ಇರಿ. ಮುಟ್ಟಬೇಡಿ."

ಲೇತಿನ ಪಕ್ಕ ಆ ವರ್ಷ ನಿಂತಿದ್ದವನು ಉದ್ದನೆಯ ಹುಡುಗ. ಕಣ್ಣೆಲ್ಲ ಯಂತ್ರದ ಮೇಲೆ. "ಸಾರ್, ಒಂದೇ ಒಂದು ಸಲ ತಿರುಗಿಸಿ ನೋಡ್ತೀನಿ ಸಾರ್."

"ಮೊದಲು ಪಾಸಾಗು. ಆಮೇಲೆ ಜೀವಮಾನ ಪೂರ್ತಿ ತಿರುಗಿಸ್ತಾ ಇರು."

ಬಂದ ದೊಡ್ಡವರಲ್ಲಿ ಒಬ್ಬ, ನಗುಮುಖದವನು, ಯಂತ್ರ ಓಡಿಸಿ ತೋರಿಸಿ ಎಂದ. ಅಪ್ಪ ಕೈ ಜೋಡಿಸಿ, "ಕರೆಂಟಿಲ್ಲ ಸಾರ್, ನಮ್ಮ ದೇಶದ ಹಣೆಬರಹ" ಎಂದ. ಎಲ್ಲರೂ ಮರುಕದಿಂದ ತಲೆಯಾಡಿಸಿದರು. ಫ್ಯೂಸು ಅಪ್ಪನ ಜೇಬಿನಲ್ಲಿತ್ತು. ಡಬ್ಬಿ ಹಿಡಿದು ಮೂಲೆಯಲ್ಲಿ ನಿಂತಿದ್ದ ಮಗಳು ಅದನ್ನು ಕಿತ್ತಿದ್ದನ್ನು ನೋಡಿದ್ದಳು. ಫೋಟೋ ತೆಗೆದಾಯಿತು, ಕೈ ಕುಲುಕಿದ್ದಾಯಿತು, ಸಂಜೆಗೆ ಎಲ್ಲ ಮತ್ತೆ ಒಳಗೆ. ಮನೆಗೆ ಬರುವ ದಾರಿಯಲ್ಲಿ ಅಪ್ಪ ಅವಳ ಕೈ ಹಿಡಿದು ಸಿಳ್ಳೆ ಹಾಕುತ್ತ ನಡೆದ. ಅವನು ಸಿಳ್ಳೆ ಹಾಕಿದ್ದನ್ನು ಅವಳು ಕೇಳಿದ್ದು ಅಂಥ ದಿನಗಳಲ್ಲಿ ಮಾತ್ರ. "ಒಬ್ಬನೂ ಮುಟ್ಟಲಿಲ್ಲ ಪುಟ್ಟಿ" ಎಂದಿದ್ದ. ಕೆಲವು ವರ್ಷಕ್ಕೆ ಕೊಟ್ಟವರು ಬರುವುದೂ ನಿಂತಿತು, ಆಮೇಲೆ ಕಬ್ಬಿಣದ್ದು ಹೊರಗೆ ಬರಲೇ ಇಲ್ಲ.

ಆ ಉದ್ದನೆಯ ಹುಡುಗ ಪಾಸಾದ, ಒಳ್ಳೆಯ ಅಂಕ ತೆಗೆದ, ದೂರದ ಕಾರ್ಖಾನೆಗೆ ಸೇರಿದ. ಸೇರಿದ ಮೊದಲ ದಿನವೇ ಎರಡು ಬೆರಳು ಹೋಯಿತು ಎಂದು ಊರಿಗೆ ಸುದ್ದಿ ಬಂತು. "ಕೆಲಸದ ಮೇಲೆ ಗಮನ ಇಲ್ಲದವರು" ಎಂದ ಅಪ್ಪ, ತಟ್ಟೆಯ ಮೇಲಿನ ಕಣ್ಣು ಎತ್ತದೆ.

*

ಚಟ್ಟವನ್ನು ಉಗ್ರಾಣದ ಎದುರಿನ ಮರದ ನೆರಳಿನಲ್ಲಿ ಇಳಿಸಿದರು. ಅಮ್ಮ ಪಕ್ಕದಲ್ಲಿ ನೆಲದ ಮೇಲೆ ಕೂತಳು, ಬಾಗಿಲಿಗೆ ಬೆನ್ನು ಮಾಡಿ.

ಮಗಳು ಮೊದಲ ಬೀಗ ತೆಗೆದಳು. ಎರಡನೆಯದು ತೆಗೆದಳು. ಮೂರನೆಯದರ ತೂತಿಗೆ ಕೀಲಿ ಇಟ್ಟು, ತಿರುಗಿಸದೆ ನಿಂತಳು. ಬೆನ್ನಿಗೆ ಅಷ್ಟೂ ಜನರ ಉಸಿರು. ಈಗಲೂ ಹೊತ್ತು ಮೀರಿಲ್ಲ, ಗೊಂಚಲನ್ನು ಪ್ರಿನ್ಸಿಪಾಲರ ಕೈಗಿಟ್ಟು ನಡೆದುಬಿಡಬಹುದು, ಏನೂ ಗೊತ್ತಾಗದೆ ಉಳಿದುಬಿಡಬಹುದು ಎಂದು ಒಂದು ಮನಸ್ಸು ಹೇಳಿತು. ಅಮ್ಮ ಬದುಕಿದ್ದು ಹಾಗೆಯೇ. ಆದರೆ ಇವಳಿಗೆ ಅದು ಬರುವುದಿಲ್ಲ. ಬಿಚ್ಚಲೇಬೇಕು. ಕೀಲಿ ತಿರುಗಿಸಿ, ಬಾಗಿಲನ್ನು ಎರಡೂ ಕೈಯಿಂದ ತಳ್ಳಿದಳು.

ಒಳಗಿನಿಂದ ಗ್ರೀಸಿನ ದಟ್ಟ ವಾಸನೆ ಬಂದು ಮುಖಕ್ಕೆ ಹೊಡೆಯಿತು. ಗುಮಾಸ್ತ ದೀಪ ಹಾಕಿದ.

ಕೋಣೆ ತುಂಬಿತ್ತು. ಗೋಡೆಯಿಂದ ಗೋಡೆಗೆ, ನೆಲದಿಂದ ಸೂರಿಗೆ. ಯಂತ್ರಗಳೆಲ್ಲ ದಪ್ಪ ಬಟ್ಟೆ ಹೊದ್ದು ನಿಂತಿದ್ದವು. ಅಟ್ಟಣೆಗಳ ಮೇಲೆ ಎಣ್ಣೆ ಕಾಗದದಲ್ಲಿ ಸುತ್ತಿದ ಗಂಟುಗಳು, ಒಂದೊಂದಕ್ಕೂ ದಾರ ಕಟ್ಟಿ ಚೀಟಿ. ಧೂಳಿನ ಒಂದು ಕಣವಿಲ್ಲ.

ಗುಮಾಸ್ತ ಕಚೇರಿಯಿಂದ ಪಟ್ಟಿ ತಂದು ಓದತೊಡಗಿದ. ಹಳೆಯ ಹುಡುಗರು ಒಬ್ಬೊಬ್ಬರು ಒಂದೊಂದು ಗಂಟು ಬಿಚ್ಚಿ ಹಿಡಿದು ತೋರಿಸುವುದು.

"ಡ್ರಿಲ್ಲಿಂಗ್ ಮೆಷಿನ್ನು?"

"ಇದೆ."

"ಪೈಪ್ ರೆಂಚು?"

"ಇದೆ ಸಾರ್."

"ಅದರ ಹಿಡಿ ಬೇರೆ ಬಂದಿತ್ತಲ್ಲ?"

"ಹಿಡಿನೂ ಇದೆ."

ಹಾಜರಿ ಕರೆದ ಹಾಗಿತ್ತು. ಮೊದಲು ಎಲ್ಲರಿಗೂ ಅದು ತಮಾಷೆಯಾಗಿಯೇ ಕಂಡಿತು. ಬಸ್ ಕಂಡಕ್ಟರು "ಪ್ರೆಸೆಂಟ್ ಸಾರ್" ಎಂದು ಒಂದು ಸುತ್ತಿಗೆ ಎತ್ತಿ ತೋರಿಸಿದಾಗ ನಗು ಎದ್ದಿತು. ಗುಮಾಸ್ತ ಪ್ರತಿ ಹೆಸರಿಗೂ ಈಗ ಸಿಕ್ಕಿಬೀಳುತ್ತದೆ ಎನ್ನುವ ಹಾಗೆ ಕತ್ತೆತ್ತಿ ನೋಡುತ್ತಿದ್ದ. ಪ್ರತಿ ಸಲವೂ "ಇದೆ" ಎಂದೇ ಬರುತ್ತಿತ್ತು. ಕೊನೆಗೆ ಪಟ್ಟಿ ಮಡಚಿ, ಸೋತ ಧ್ವನಿಯಲ್ಲಿ ಹೇಳಿದ, "ಎಲ್ಲಾ ಇದೆ ಸಾರ್. ಒಂದು ಸ್ಕ್ರೂನೂ ಹೋಗಿಲ್ಲ."

ಮಗಳು ಓಡಿ ಹೊರಗೆ ಹೋಗಿ ಅಮ್ಮನ ಎದುರು ಕುಕ್ಕರಿಸಿ, "ಅಮ್ಮ, ಎಲ್ಲಾ ಇದೆ. ಅಪ್ಪ ಏನೂ ಮುಟ್ಟಿಲ್ಲ ಅಮ್ಮ" ಎಂದಳು. ಅಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಚಟ್ಟದ ಮೇಲೆ ತಲೆಯಿಟ್ಟು, ಬೆಳಗಿನಿಂದ ಕಟ್ಟಿಹಾಕಿದ್ದನ್ನೆಲ್ಲ ಬಿಟ್ಟು ಗಟ್ಟಿಯಾಗಿ ಅತ್ತಳು. "ನಾನೂ ನಂಬಿರ್ಲಿಲ್ಲ ರೀ, ನಾನೂ ನಂಬಿರ್ಲಿಲ್ಲ" ಎನ್ನುತ್ತ ಅತ್ತಳು. ಮಗಳೂ ಅತ್ತಳು. ಇಷ್ಟು ವರ್ಷ ಎದೆಯ ಮೇಲೆ ಕೂತಿದ್ದ "ಕಳ್ಳನ ಮಗಳು" ಎಂಬ ಆ ಒಂದು ಮಾತು ಎದ್ದು ಹೋಗಿತ್ತು. ಸುಡುವ ಹೊತ್ತಿನಲ್ಲೂ ಅವಳಿಗೆ ಮೈ ಹಗುರಾಗಿತ್ತು, ಸಂತೋಷವೂ ಆಗಿತ್ತು, ಹೆಣದ ಎದುರು ಕೂತು ಸಂತೋಷವೇ ಎಂದು ನಾಚಿಕೆಯೂ ಆಗಿತ್ತು.

ಕಣ್ಣೊರೆಸಿಕೊಂಡು ಒಳಗೆ ಬಂದಳು, ಎಲ್ಲರಿಗೂ ಕೈಮುಗಿದು ಹೊರಡೋಣ ಎನ್ನಲು. ಒಳಗೆ ಯಾರೂ ಹೊರಡುವ ಹಾಗೆ ಕಾಣಲಿಲ್ಲ.

ಕಿರಾಣಿ ಅಂಗಡಿಯವನು ಉಕ್ಕಿನ ಒಂದು ಅಳತೆಯ ಸಾಧನವನ್ನು ಅಂಗೈಯಲ್ಲಿಟ್ಟು ನೋಡುತ್ತಿದ್ದ. ಅದರ ಪುಟ್ಟ ಚಕ್ರವನ್ನು ಮೆಲ್ಲಗೆ ತಿರುಗಿಸಿದ. ಅದು ಬೆಣ್ಣೆಯಲ್ಲಿ ಓಡಿದಂತೆ ಓಡಿತು. "ಪರೀಕ್ಷೇಲಿ ಇದರ ಚಿತ್ರ ಬರೆದು ಪಾಸಾಗಿದ್ದೆ ಕಣೋ" ಎಂದ ಪಕ್ಕದವನಿಗೆ. "ಕೈಯಲ್ಲಿ ಹಿಡಿದಿದ್ದು ಇವತ್ತೇ."

ವರ್ಕ್‌ಶಾಪಿನವನು ಯಂತ್ರಗಳ ಮೇಲಿನ ಬಟ್ಟೆ ಒಂದೊಂದಾಗಿ ಸರಿಸಿ ನೋಡುತ್ತಿದ್ದ. ಎಲ್ಲದಕ್ಕೂ ಹೊಸದಾಗಿ ಬಳಿದ ಹಳದಿ ಗ್ರೀಸು. ರಜೆಯ ದಿನಗಳಲ್ಲಿ ಅಪ್ಪ ಮಾಡುತ್ತಿದ್ದ ಕೆಲಸ ಏನೆಂದು ಅವಳಿಗೆ ಈಗ ತಿಳಿಯಿತು. "ಷೋರೂಮಿಂದ ಈಗ ತಂದ ಹಾಗಿದೆ" ಎಂದ ಅವನು. "ಆದ್ರೆ ಈ ಮಾದರಿ ಈಗ ಎಲ್ಲೂ ಇಲ್ಲ ತಂಗಿ. ಕಂಪ್ಯೂಟರ್ ಮೆಷಿನ್ನು ಬಂದು ಎಷ್ಟು ಕಾಲವಾಯ್ತು. ಇದು ಗುಜರಿಗೆ ತೂಕಕ್ಕೆ ಹೋಗ್ಬೇಕು, ಅಷ್ಟೆ." ಅವನು ಕೋಪದಿಂದ ಹೇಳಲಿಲ್ಲ. ಕೋಪದಿಂದ ಹೇಳಿದ್ದರೆ ಅವಳಿಗೆ ಉತ್ತರ ಕೊಡಲು ಸುಲಭವಾಗುತ್ತಿತ್ತು.

ಕೋಣೆಯ ತುದಿಯಲ್ಲಿ ಮೂರ್ಬೆರಳ ಮೇಸ್ತ್ರಿ ಲೇತಿನ ಮುಂದೆ ನಿಂತಿದ್ದ. ಕೈ ಜೇಬಿನಿಂದ ಹೊರಗೆ ಬಂದಿತ್ತು. ತಿರುಗುವ ಭಾಗದ ಮೇಲೆ ಕಾಗದ ಸುತ್ತಿದ ಏನೋ ಇತ್ತು, ಅದನ್ನು ಬಿಚ್ಚಿದ್ದ. ಕಬ್ಬಿಣದ ಬಾಗಿದ ಒಂದು ಮುಚ್ಚಳ. ಮೇಲೆತ್ತಿದರೆ ಏಳುತ್ತದೆ, ಇಳಿಸಿದರೆ ತಿರುಗುವ ಭಾಗವನ್ನು ಮುಚ್ಚಿಕೊಂಡು ಕೂರುತ್ತದೆ. ಎತ್ತಿದ, ಇಳಿಸಿದ. ಮತ್ತೆ ಎತ್ತಿದ, ಇಳಿಸಿದ.

"ಇದಕ್ಕೊಂದು ಮುಚ್ಚಳ ಇತ್ತಾ?" ಎಂದ.

ಅವಳು ಹತ್ತಿರ ಬಂದು ಅದನ್ನು ನೋಡಿದಳು.

"ತಪಾಸಣೆ ದಿನ ಹೊರಗೆ ತಂದಾಗ್ಲೂ ಇದು ಕಾಗದದಲ್ಲೇ ಸುತ್ತಿತ್ತು. ನಾವು ಕಲಿತ ಮರದ್ದರಲ್ಲಿ ಇರ್ಲಿಲ್ಲ. ಮರದ್ದಕ್ಕೆ ಯಾಕೆ ಅಂತ ಬಡಗಿ ಬಿಟ್ಟಿರ್ಬೇಕು." ಮತ್ತೊಮ್ಮೆ ಇಳಿಸಿದ. "ಫ್ಯಾಕ್ಟರೀಲಿ ಇತ್ತು. ಇಂಥದ್ದೇ. ಹಿಂದಿನ ಪಾಳಿಯವನು ಎತ್ತಿಟ್ಟು ಹೋಗಿದ್ದ. ಅದು ಏತಕ್ಕೆ, ಇಳಿಸ್ಬೇಕಾ ಅಂತ ನನಗೆ ಗೊತ್ತಿರ್ಲಿಲ್ಲ. ಕೇಳೋಕೆ ನಾಚಿಕೆ ಆಯ್ತು, ಫಸ್ಟ್ ಕ್ಲಾಸಲ್ಲಿ ಪಾಸಾದೋನು ನೋಡು."

ಬೆಳಗಿನಿಂದ ಈ ಮನುಷ್ಯನ ಮೇಲೆ ಅವಳು ಎಷ್ಟು ಅನುಮಾನ ಪಟ್ಟಿದ್ದಳು! ಅವನು ಅಪ್ಪನನ್ನು ಬೈದರೆ ಸಾಕು ಎಂದು ಈಗ ಅನ್ನಿಸಿತು. ಕಳ್ಳ ಎಂದರೂ ಸರಿ. ಕಳ್ಳನಾಗಿದ್ದರೆ ಒಂದು ಸ್ಪ್ಯಾನರಾದರೂ ಯಾರದೋ ಮನೆಯಲ್ಲಿ ತಿರುಗಿ ಸವೆದಿರುತ್ತಿತ್ತು. ಅವನು ಬೈಯಲಿಲ್ಲ. ಮುಚ್ಚಳದ ಮೇಲೆ ಆ ಕೈಯಿಟ್ಟುಕೊಂಡು ನಿಂತೇ ಇದ್ದ.

"ನಿಮ್ಮ ತಂದೆ ದೇವರಂಥ ಮನುಷ್ಯ ಅಮ್ಮ" ಎಂದು ಪ್ರಿನ್ಸಿಪಾಲರು ಬಂದರು. ಮುಖದಲ್ಲಿ ಕಳೆ ಬಂದಿತ್ತು. "ಇಂಥ ಪ್ರಾಮಾಣಿಕರು ಇನ್ನು ಹುಟ್ಟೋದಿಲ್ಲ. ಸಂತಾಪ ಸಭೆಯಲ್ಲಿ ನಾನೇ ಹೇಳ್ತೀನಿ." ಆಮೇಲೆ ಹುಡುಗರ ಕಡೆ ತಿರುಗಿ, "ಸರಿ ಸರಿ, ಎಲ್ಲಾ ಮೊದಲಿನ ಹಾಗೇ ಸುತ್ತಿಡಿ. ಗ್ರೀಸು ಒರೆಸಬೇಡಿ, ತುಕ್ಕು ಹಿಡಿಯುತ್ತೆ. ಬೀಗ ಹಾಕೋಣ" ಎಂದರು.

ಯಾರೂ ಸುತ್ತಲಿಲ್ಲ. ಪ್ರಿನ್ಸಿಪಾಲರು ಅವಳ ಮುಂದೆ ಕೈಚಾಚಿದರು. ಅವಳು ಸೊಂಟದ ಗೊಂಚಲು ಬಿಚ್ಚಿ ಆ ಕೈಗಿಟ್ಟಳು. ಇನ್ನು ಅದು ತನ್ನಲ್ಲಿ ಇರುವುದು ಅವಳಿಗೂ ಬೇಡವಾಗಿತ್ತು.

"ಹೊತ್ತಾಯ್ತು, ಅಲ್ಲಿ ಗುಂಡಿ ತೋಡಿದೋರು ಕಾಯ್ತಿದ್ದಾರೆ" ಎಂದು ಬಾಗಿಲಲ್ಲಿ ಮಾವನ ದನಿ ಕೇಳಿತು. ಒಬ್ಬೊಬ್ಬರಾಗಿ ಹೊರಗೆ ಬಂದರು. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು, ಗೋಡೆಗೆ ಉಜ್ಜಿಕೊಂಡರು, ಮಣ್ಣು ಹಾಕಿ ತಿಕ್ಕಿಕೊಂಡರು. ಹೋಗುವಂಥ ಗ್ರೀಸಲ್ಲ ಅದು.

ಮೇಸ್ತ್ರಿ ಎಲ್ಲರಿಗಿಂತ ಕೊನೆಗೆ ಬಂದ. ಇವನು ಹೀಗೇ ಗೇಟಿನ ಕಡೆ ನಡೆದುಬಿಡುತ್ತಾನೆ ಎಂದುಕೊಂಡಳು ಮಗಳು. ಅವನು ಬಂದು ಚಟ್ಟದ ಮುಂದಿನ ತುದಿಗೆ ಬಗ್ಗಿದ.

"ನಿನಗೆ ಬೇಡಪ್ಪ, ಕೈ..." ಎಂದ ಮಾವ.

"ಕೈ ತಾನೇ ಹೋಗಿರೋದು. ಹೆಗಲಿದೆಯಲ್ಲ."

ಚಟ್ಟ ಎದ್ದಿತು. ಅಮ್ಮನ ತೋಳು ಹಿಡಿದು ಮಗಳು ಹಿಂದೆ ನಡೆದಳು. ಬಿಳಿ ಹೊದಿಕೆಯ ಅಂಚಿನಲ್ಲಿ, ಹಿಡಿದು ಎತ್ತಿದ ಕಡೆಯೆಲ್ಲ, ಹಳದಿ ಗ್ರೀಸು ಬೆರಳು ಬೆರಳಾಗಿ ಅಂಟಿತ್ತು. ಅಮ್ಮ ಕೈಚಾಚಿ ಒರೆಸಲು ಹೋದಳು, ಅದು ಇನ್ನಷ್ಟು ಹರಡಿತು. ಸ್ಮಶಾನ ದೂರವಿತ್ತು. ದಾರಿಯುದ್ದಕ್ಕೂ ಹೆಗಲು ಬದಲಾಗುತ್ತಿತ್ತು, ಬದಲಾದಾಗಲೆಲ್ಲ ಹೊಸ ಕೈಯೊಂದು ಬಟ್ಟೆಯ ಮೇಲೆ ಮೂಡುತ್ತಿತ್ತು.